ಕಾಲೇಜಲ್ಲಿ ಸಾವಿರಾರು ಯಾರ್ಡ್ ಓಡಿದವನು ಎನ್‌ಎಫ್‌ಎಲ್‌ಗೆ ಬಂದು ಯಾಕೆ ಒದ್ದಾಡ್ತಾನೆ?

ಪ್ರಶ್ನೆ: ಸಾರ್, ನಾವಿರೋದು ನಾರ್ತ್ ಕೆರೊಲಿನಾದ ಶಾರ್ಲೆಟ್‌ನಲ್ಲಿ. ಮಗ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ಟೀಮಲ್ಲಿ ರನ್ನಿಂಗ್ ಬ್ಯಾಕ್, ಅಂದ್ರೆ ಚೆಂಡು ಹಿಡ್ಕೊಂಡು ಓಡೋವನು. ಅವನ ಜೊತೆ ಕೂತು ಶನಿವಾರ ಕಾಲೇಜ್ ಮ್ಯಾಚು, ಭಾನುವಾರ ದುಡ್ಡಿಗೆ ಆಡೋರ ಲೀಗ್ ಎನ್‌ಎಫ್‌ಎಲ್ ನೋಡಿ ನೋಡಿ ನನಗೂ ಹುಚ್ಚು ಹತ್ಕೊಂಡಿದೆ. ಒಂದು ಅರ್ಥ ಆಗಲ್ಲ. ಕಾಲೇಜಲ್ಲಿ ಒಂದೊಂದು ಮ್ಯಾಚಿಗೆ 200 ಯಾರ್ಡ್ ಓಡಿದ ಹುಡುಗರು ಎನ್‌ಎಫ್‌ಎಲ್‌ಗೆ ಬಂದ್ಮೇಲೆ ಮೂರು ಯಾರ್ಡಿಗೆ ಒದ್ದಾಡ್ತಾರೆ. ಅದೇ ಹುಡುಗ, ಅದೇ ಕಾಲು, ಅದೇ ಸ್ಪೀಡು. ಮಗನ್ನ ಕೇಳಿದ್ರೆ "ಲೈನ್ ಸರಿ ಇಲ್ಲಪ್ಪಾ" ಅಂತಾನೆ, ಅಂದ್ರೆ ಮುಂದೆ ನಿಂತು ಎದುರಾಳಿಗಳನ್ನ ತಡೆದು ದಾರಿ ಬಿಡಿಸೋ ಐದು ಜನ. ಅಷ್ಟೇನಾ? ಕಾಲೇಜಲ್ಲೇ ನೋಡಿ ಇವನು ಮುಂದೆ ಆಡ್ತಾನೆ, ಇವನು ಆಡಲ್ಲ ಅಂತ ಹೇಳೋಕಾಗುತ್ತಾ?

ಉತ್ತರ: ನಿಮ್ಮ ಮಗ ಹೇಳಿದ್ದು ಅರ್ಧಕ್ಕಿಂತ ಜಾಸ್ತಿನೇ ಸರಿ. ಆದ್ರೆ ಉಳಿದಿದ್ದು ಇದೆಯಲ್ಲ, ಅವನು ಕಲೀಬೇಕಾಗಿರೋದು ಅದನ್ನೇ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೀತೀನಿ.

ಕಾಲೇಜ್ ಬ್ಯಾಕ್‌ಗಳ ಯಾರ್ಡ್ ಲೆಕ್ಕ ಓದುವಾಗ ನಾವು ಆ ಹುಡುಗನ್ನ ಅಳೀತಿದೀವಿ ಅಂದ್ಕೋತೀವಿ, ಆದ್ರೆ ಅರ್ಧ ಸಲ ನಾವು ಅಳೀತಿರೋದು ಅವನ ಮುಂದೆ ಬಿದ್ದ ಗ್ಯಾಪು ಎಷ್ಟು ಅಗಲ ಇತ್ತು ಅನ್ನೋದನ್ನ. ಮಾಂಟಿ ಬಾಲ್‌ನ ತಗೊಳ್ಳಿ, ವಿಸ್ಕಾನ್ಸಿನ್ ಹುಡುಗ. 2011ರಲ್ಲಿ 1,923 ಯಾರ್ಡ್ ಓಡಿ ಒಟ್ಟು 39 ಟಚ್‌ಡೌನ್ (ಚೆಂಡನ್ನ ಎದುರಾಳಿಯ ಕೊನೇ ಗೆರೆ ದಾಟಿಸೋದು) ಹೊಡೆದ, ಬ್ಯಾರಿ ಸ್ಯಾಂಡರ್ಸ್ 1988ರಲ್ಲಿ ಕಾಲೇಜಲ್ಲಿ ಮಾಡಿಟ್ಟಿದ್ದ ಒಂದು ಸೀಸನ್ನಿನ ದಾಖಲೆಗೆ ಸರಿಸಮ. ಈಗ ಅವನ ಮುಂದೆ ನಿಂತಿದ್ದ ಲೈನ್ ಯಾವುದು ಅಂತ ನೋಡಿ: ಕೆವಿನ್ ಝೈಟ್ಲರ್, ಟ್ರಾವಿಸ್ ಫ್ರೆಡರಿಕ್, ಇವರಿಬ್ರೂ ಆಮೇಲೆ ಡ್ರಾಫ್ಟಿನ (ಎನ್‌ಎಫ್‌ಎಲ್ ಟೀಮುಗಳು ಸರದಿ ಪ್ರಕಾರ ಏಳು ರೌಂಡಲ್ಲಿ ಕಾಲೇಜ್ ಹುಡುಗರನ್ನ ಆರಿಸೋದು) ಫಸ್ಟ್ ರೌಂಡ್‌ನಲ್ಲೇ ಹೋದ್ರು. ಪೀಟರ್ ಕಾನ್ಜ್ ಎರಡನೇ ರೌಂಡು. ರಿಕ್ ವ್ಯಾಗ್ನರ್ ಐದನೇ ರೌಂಡಲ್ಲಿ ಹೋದ್ರೂ ಎನ್‌ಎಫ್‌ಎಲ್‌ನಲ್ಲಿ ವರ್ಷಗಟ್ಟಲೆ ಆಡಿದ. ಐವರಲ್ಲಿ ನಾಲ್ವರು ಡ್ರಾಫ್ಟ್ ಆದ ಲೈನು, ಸಾಲದು ಅಂತ ಆ ವರ್ಷ ಪಾಸ್ ಎಸೆಯೋ ಕ್ವಾರ್ಟರ್‌ಬ್ಯಾಕ್ ಬೇರೆ ರಸ್ಸೆಲ್ ವಿಲ್ಸನ್! ಎದುರಾಳಿಗಳು ಓಟ ತಡೀಬೇಕಾ ಪಾಸ್ ತಡೀಬೇಕಾ ಅಂತ ಯೋಚನೆ ಮಾಡೋಷ್ಟರಲ್ಲಿ ಮಾಂಟಿ ಎಂಟು ಯಾರ್ಡ್ ದಾಟಿರ್ತಿದ್ದ.

ಎದುರಿಗೆ ಯಾರಿದ್ದಾರೆ ಅನ್ನೋದನ್ನೂ ನೋಡ್ಬೇಕು. ಕಾಲೇಜಿನ ಮೇಲ್ಮಟ್ಟದಲ್ಲೇ 130ಕ್ಕೂ ಜಾಸ್ತಿ ಟೀಮುಗಳಿವೆ, ಒಂದೊಂದರಲ್ಲಿ ನೂರರ ಹತ್ತಿರ ಹುಡುಗರು. ಎನ್‌ಎಫ್‌ಎಲ್ ಡ್ರಾಫ್ಟಲ್ಲಿ ವರ್ಷಕ್ಕೆ ಹೋಗೋದು ಹೆಚ್ಚುಕಡಿಮೆ 260 ಜನ. ಅಂದ್ರೆ ಒಂದು ಸಾಧಾರಣ ಕಾಲೇಜ್ ಡಿಫೆನ್ಸಿನ ಹನ್ನೊಂದು ಜನದಲ್ಲಿ ಮುಂದೆ ದುಡ್ಡಿಗೆ ಆಡೋವನು ಒಬ್ಬ ಇದ್ರೆ ದೊಡ್ಡದು, ಕೆಲವು ವಾರ ಒಬ್ಬನೂ ಇರಲ್ಲ, ಸೀಸನ್ ಶುರುವಲ್ಲಿ ದುಡ್ಡು ಕೊಟ್ಟು ಕರೆಸ್ಕೊಳ್ಳೋ ಸಣ್ಣ ಕಾಲೇಜುಗಳ ಮ್ಯಾಚನ್ನಂತೂ ಬಿಡಿ. ಎನ್‌ಎಫ್‌ಎಲ್‌ನಲ್ಲಿ ಎದುರಿಗಿರೋ ಹನ್ನೊಂದು ಜನಾನೂ ಅವರವರ ಕಾಲೇಜಲ್ಲಿ ಹೀರೋಗಳೇ. ಕಾಲೇಜಲ್ಲಿ ಸೈಡ್‌ಲೈನ್ ಕಡೆ ತಿರುಗಿ, ಡಿಫೆನ್ಸಿನ ಎರಡನೇ ಸಾಲಲ್ಲಿ ನಿಲ್ಲೋ ಲೈನ್‌ಬ್ಯಾಕರ್‌ನ ಹಿಂದೆ ಹಾಕಿ ಓಡ್ತಿದ್ದವನು ಇಲ್ಲಿ ಅದೇ ಓಟ ಓಡಿದ್ರೆ ಆ ಲೈನ್‌ಬ್ಯಾಕರ್ ಮೊದಲೇ ಅಲ್ಲಿ ಬಂದು ನಿಂತಿರ್ತಾನೆ.

ಮೈದಾನದ ಗೆರೆಗಳೂ ಬೇರೆ, ಇದನ್ನ ಬಹಳ ಜನ ಗಮನಿಸಲ್ಲ. ಅಗಲ ಎರಡೂ ಕಡೆ 160 ಅಡಿನೇ. ಆದ್ರೆ ಚೆಂಡು ಇಡೋಕೆ ಒಳಗೆ ಎರಡು ಸಾಲು ಹ್ಯಾಶ್ ಮಾರ್ಕ್ ಇರುತ್ತಲ್ಲ, ಕಾಲೇಜಲ್ಲಿ ಅವೆರಡರ ಮಧ್ಯೆ 40 ಅಡಿ ಅಂತರ, ಎನ್‌ಎಫ್‌ಎಲ್‌ನಲ್ಲಿ ಬರೀ 18 ಅಡಿ 6 ಇಂಚು. ಲೆಕ್ಕ ಹಾಕಿ. ಕಾಲೇಜಲ್ಲಿ ಚೆಂಡು ಒಂದು ಹ್ಯಾಶ್ ಮೇಲಿದ್ರೆ ಒಂದು ಪಕ್ಕಕ್ಕೆ 60 ಅಡಿ, ಇನ್ನೊಂದು ಪಕ್ಕಕ್ಕೆ 100 ಅಡಿ ಬಯಲು. ಎನ್‌ಎಫ್‌ಎಲ್‌ನಲ್ಲಿ ಅಗಲದ ಪಕ್ಕ ಅಂದ್ರೂ 90 ಅಡಿ ಇರಲ್ಲ. ಆ ಹತ್ತು ಹನ್ನೊಂದು ಅಡಿ ಜಾಗ ಹೋಯ್ತು, ಅದರ ಮೇಲೆ ಅಟ್ಟಿಸ್ಕೊಂಡು ಬರೋವನ ಸ್ಪೀಡು ಜಾಸ್ತಿ ಆಯ್ತು, ಎರಡೂ ಸೇರಿದ್ರೆ ಕಾಲೇಜಲ್ಲಿ 40 ಯಾರ್ಡ್ ಆಗಿದ್ದ ಓಟ ಇಲ್ಲಿ ಮೈನಸ್ ಎರಡು.

ಇನ್ನೊಂದು ರೂಲು. ಪಾಸ್ ಹಾಕುವಾಗ ಲೈನ್‌ಮನ್‌ಗಳು ಎಷ್ಟು ಮುಂದೆ ಹೋಗಬಹುದು ಅನ್ನೋದು. ಕಾಲೇಜಲ್ಲಿ ಮೂರು ಯಾರ್ಡ್, ಎನ್‌ಎಫ್‌ಎಲ್‌ನಲ್ಲಿ ಒಂದೇ. ಈ ಎರಡು ಯಾರ್ಡಲ್ಲಿ ಏನಿದೆ ಅಂತೀರಾ? ಕಾಲೇಜಲ್ಲಿ ಲೈನು ಓಟಕ್ಕೆ ಬ್ಲಾಕ್ ಮಾಡ್ತಾ ಮುಂದೆ ನುಗ್ಗುತ್ತಿದ್ರೂ ಕ್ವಾರ್ಟರ್‌ಬ್ಯಾಕ್ ಚೆಂಡು ಬ್ಯಾಕ್‌ನ ಹೊಟ್ಟೆಗೆ ಇಡೋ ಥರ ಮಾಡಿ ಕಿತ್ಕೊಂಡು ಪಾಸ್ ಎಸೀಬಹುದು, ಹಾಗಾಗಿ ಲೈನ್‌ಬ್ಯಾಕರ್ ಮುಂದೆ ಬರಲಾ ಹಿಂದೆ ಹೋಗಲಾ ಅಂತ ನಿಂತಲ್ಲೇ ನಿಂತಿರ್ತಾನೆ. ಅವನು ನಿಂತ ಆ ಅರ್ಧ ಸೆಕೆಂಡೇ ಬ್ಯಾಕ್‌ಗೆ ಸಿಗೋ ಗ್ಯಾಪು. ಎನ್‌ಎಫ್‌ಎಲ್‌ನವರೂ ಇಂಥ ಪ್ಲೇ ಆಡ್ತಾರೆ, ಆದ್ರೆ ಲೈನನ್ನ ಅಷ್ಟು ಮುಂದೆ ಬಿಡೋ ಹಾಗಿಲ್ಲ, ಬಿಟ್ರೆ ಫ್ಲ್ಯಾಗ್ ಬೀಳುತ್ತೆ, ಅಂದ್ರೆ ದಂಡ. ಅದಕ್ಕೇ ಸ್ಪ್ರೆಡ್ ಆಫೆನ್ಸ್ (ಆಟಗಾರರನ್ನ ಮೈದಾನದ ಅಗಲಕ್ಕೆ ಹರಡಿ ನಿಲ್ಲಿಸೋದು) ಆಡೋ ಕಾಲೇಜುಗಳಿಂದ ಬರೋ ಬ್ಯಾಕ್‌ಗಳ ನಂಬರ್‌ಗಳನ್ನ ನಾನು ಸ್ವಲ್ಪ ಕಡಿಮೆ ಮಾಡಿಯೇ ಓದೋದು.

ಇಲ್ಲಿವರೆಗೆ ನಿಮ್ಮ ಮಗನ ಪಾರ್ಟಿ ಗೆದ್ದ ಹಾಗೆ. ಈಗ ಟ್ರೆಂಟ್ ರಿಚರ್ಡ್‌ಸನ್ ವಿಷ್ಯಕ್ಕೆ ಬರೋಣ.

ಅಲಬಾಮಾ. 2011ರಲ್ಲಿ 1,679 ಯಾರ್ಡ್, ನ್ಯಾಷನಲ್ ಚಾಂಪಿಯನ್ ಟೀಮು. ಅವನ ಮೇಲೆ ಎಷ್ಟು ನಂಬಿಕೆ ಇತ್ತು ಅಂದ್ರೆ 2012ರ ಡ್ರಾಫ್ಟಲ್ಲಿ ನಾಲ್ಕನೇ ಜಾಗದಲ್ಲಿದ್ದ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಬರೀ ಒಂದು ಜಾಗ ಮೇಲೆ ಹೋಗೋಕೆ ಇನ್ನೂ ಮೂರು ಪಿಕ್ (ಆರಿಸೋ ಸರದಿ) ಎಕ್ಸ್‌ಟ್ರಾ ಕೊಟ್ಟು ಮೂರನೇ ನಂಬರಲ್ಲಿ ಇವನನ್ನ ತಗೊಂಡ್ರು. ಮೊದಲ ವರ್ಷ 950 ಯಾರ್ಡ್, 11 ಟಚ್‌ಡೌನ್, ಕೇಳೋಕೆ ಪರವಾಗಿಲ್ಲ ಅನ್ಸುತ್ತೆ, ಆದ್ರೆ ಒಂದು ಓಟಕ್ಕೆ ಸರಾಸರಿ 3.6. ಪಕ್ಕೆಲುಬು ಮುರ್ಕೊಂಡೇ ಆಡಿದ್ದ ಪಾಪ, ಅದನ್ನೂ ಹೇಳ್ಬೇಕು. ಎರಡನೇ ಸೀಸನ್ನಿನ ಎರಡು ಮ್ಯಾಚ್ ಮುಗಿದ ತಕ್ಷಣ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಒಂದು ಫಸ್ಟ್ ರೌಂಡ್ ಪಿಕ್ ಕೊಟ್ಟು ಅವನನ್ನ ಕೊಂಡ್ಕೊಂಡ್ರು. (ಆ ಪಿಕ್‌ನ ಬ್ರೌನ್ಸ್ ಮುಂದಿನ ವರ್ಷ ಇನ್ನೊಂದರ ಜೊತೆ ಸೇರಿಸಿ ಜಾನಿ ಮ್ಯಾಂಜೆಲ್‌ನ ತಗೊಳ್ಳೋಕೆ ಖರ್ಚು ಮಾಡಿದ್ರು. ಕ್ಲೀವ್‌ಲ್ಯಾಂಡ್ ಅಭಿಮಾನಿಗಳ ಮುಂದೆ ಈ ವಿಷ್ಯ ಎತ್ತಬೇಡಿ.)

ಕೋಲ್ಟ್ಸ್‌ನಲ್ಲಿ ಆ ವರ್ಷ ಅವನ ಸರಾಸರಿ 2.9 ಯಾರ್ಡ್. ಲೈನ್ ಸರಿ ಇರ್ಲಿಲ್ಲ ಅನ್ನೋಣ ಅಂದ್ರೆ ಅದೇ ಟೀಮಲ್ಲಿ, ಅದೇ ಲೈನಿನ ಹಿಂದೆ, ಅದೇ ಸೀಸನ್ನಲ್ಲಿ ಡೊನಾಲ್ಡ್ ಬ್ರೌನ್ ಅನ್ನೋವನು ನೂರು ಚಿಲ್ಲರೆ ಸಲ ಓಡಿ 5.3ರ ಸರಾಸರಿ ತಂದ. ಮರುವರ್ಷ ಅಹ್ಮದ್ ಬ್ರ್ಯಾಡ್‌ಶಾನೂ ಇವನಿಗಿಂತ ಎಷ್ಟೋ ಚೆನ್ನಾಗಿ ಓಡಿದ. 2015ರ ಮಾರ್ಚಲ್ಲಿ ಕೋಲ್ಟ್ಸ್ ರಿಚರ್ಡ್‌ಸನ್‌ನ ಬಿಟ್ಟು ಕಳಿಸಿದ್ರು, ಆಮೇಲೆ ಎನ್‌ಎಫ್‌ಎಲ್‌ನಲ್ಲಿ ಒಂದು ರೆಗ್ಯುಲರ್ ಮ್ಯಾಚೂ ಆಡ್ಲಿಲ್ಲ. ಒಟ್ಟು ಸರಾಸರಿ 3.3. ಕಾಲಲ್ಲಿ ಬಲ ಇರ್ಲಿಲ್ವಾ? ಇತ್ತು, ಬೇಕಾದಷ್ಟಿತ್ತು. ಇರ್ಲಿಲ್ಲದ್ದು ಕಣ್ಣು.

ಕಣ್ಣು ಅಂದ್ರೆ ಏನು ಅಂತ ಒಂದೇ ಒಂದು ಪ್ಲೇ ಇಟ್ಕೊಂಡು ಹೇಳ್ತೀನಿ, ಇದನ್ನ ನಾನು ಇಲ್ಲಿ ಹೈಸ್ಕೂಲ್ ಹುಡುಗರಿಗೂ ಹೇಳ್ಕೊಡೋದು. ಔಟ್‌ಸೈಡ್ ಝೋನ್. ಐದು ಜನ ಲೈನ್‌ಮನ್‌ಗಳು ಒಟ್ಟಿಗೆ ಒಂದು ಪಕ್ಕಕ್ಕೆ ಸರೀತಾರೆ, ಬಲಗಡೆ ಅಂದ್ಕೊಳ್ಳಿ. ಇಲ್ಲಿ ಗ್ಯಾಪು ಇದೇ ಜಾಗದಲ್ಲಿ ಬೀಳುತ್ತೆ ಅಂತ ಬ್ಯಾಕ್‌ಗೆ ಯಾರೂ ಹೇಳಿರಲ್ಲ, ಅವನೇ ಹುಡುಕ್ಬೇಕು. ಚೆಂಡು ಕೈಗೆ ಬರೋ ಹೊತ್ತಿಗೆ ಅವನು ಬಲಗಡೆ ಕೊನೇಲಿರೋ ಟೈಟ್ ಎಂಡ್‌ನ (ಲೈನಿನ ಅಂಚಲ್ಲಿ ನಿಂತು ಬ್ಲಾಕೂ ಮಾಡಿ ಪಾಸೂ ಹಿಡಿಯೋವನು) ಹೊರಸೊಂಟದ ಕಡೆ ಓಡ್ತಿರ್ತಾನೆ. ಮೊದಲು ನೋಡ್ಬೇಕಾಗಿರೋದು ಟೈಟ್ ಎಂಡ್ ಎದುರಿಗಿರೋ ಕೊನೇ ಡಿಫೆಂಡರ್‌ನ ಹೆಲ್ಮೆಟ್ಟು. ಅದು ಟೈಟ್ ಎಂಡ್‌ನ ಒಳಪಕ್ಕಕ್ಕೆ ಸಿಕ್ಕಾಕೊಂಡಿದ್ರೆ ಸುತ್ತು ಹಾಕಿ ಹೊರಗೆ ಹೋಗು. ಹೊರಗೆ ಬಂದಿದ್ರೆ ತಕ್ಷಣ ಕಣ್ಣು ಒಳಗಿನ ಎರಡನೇವನ ಮೇಲೆ. ಅವನೂ ಹೊರಗೆ ಓಡ್ತಿದ್ರೆ ಕಾಲು ಊರಿ ಅವನ ಬೆನ್ನ ಹಿಂದೆ ಎಡಕ್ಕೆ ಒಂದೇ ಒಂದು ಕಟ್, ನೇರ ಮೇಲಕ್ಕೆ. ಅಷ್ಟೇ. ಎರಡು ಸಲ ಕುಣಿಯೋ ಹಾಗಿಲ್ಲ, ನಿಂತು ನೋಡೋ ಹಾಗಿಲ್ಲ. ಇದಿಷ್ಟೂ ಆಗೋದು ಒಂದು ಸೆಕೆಂಡ್ ಆಸುಪಾಸಲ್ಲಿ, ಅದೂ 140 ಕೆಜಿ ಆಳುಗಳು ಮುಂದೆ ಗೋಡೆ ಥರ ನಿಂತಿರುವಾಗ ಅವರ ಭುಜದ ಸಂದಿಯಿಂದ ನೋಡ್ಕೊಂಡು.

ಕಾಲೇಜಲ್ಲಿ ಅಲಬಾಮಾದಂಥ ಲೈನಿನ ಹಿಂದೆ ಈ ಓದು ತಪ್ಪಿದ್ರೂ ನಡೆಯುತ್ತೆ. ತಪ್ಪು ಗ್ಯಾಪಿಗೆ ನುಗ್ಗಿದ್ರೂ ಅಲ್ಲಿ ಸಿಗೋವನು 95 ಕೆಜಿ ಹುಡುಗ, ಗುದ್ದಿ ಬೀಳಿಸ್ಕೊಂಡು ಹೋಗ್ಬಹುದು. ರಿಚರ್ಡ್‌ಸನ್ ಮಾಡ್ತಿದ್ದದ್ದು ಹೆಚ್ಚುಕಡಿಮೆ ಅದೇ. ಎನ್‌ಎಫ್‌ಎಲ್‌ನಲ್ಲಿ ಗ್ಯಾಪು ಬಿದ್ದು ಮುಚ್ಚೋಷ್ಟರಲ್ಲಿ ಅವನು ಇನ್ನೂ ಹೆಜ್ಜೆ ಎಣಿಸ್ತಿದ್ದ, ಇಲ್ಲಾಂದ್ರೆ ತನ್ನ ಲೈನ್‌ಮನ್‌ನ ಬೆನ್ನಿಗೇ ಹೋಗಿ ಢಿಕ್ಕಿ ಹೊಡೀತಿದ್ದ. ಹಳೇ ವಿಡಿಯೋ ಸಿಕ್ರೆ ಮಗನ ಜೊತೆ ನಿಲ್ಲಿಸಿ ನಿಲ್ಲಿಸಿ ನೋಡಿ, ಪಕ್ಕದಲ್ಲಿ ಬಾಗಿಲು ತೆಗೆದಿರುತ್ತೆ, ಇವನು ಗೋಡೆಗೆ ಹೋಗ್ತಾನೆ.

ಇನ್ನು ಚೆಂಡೇ ಇಲ್ಲದ ಕೆಲಸ. ಇದರ ಬಗ್ಗೆ ಟೀವಿಯವರು ಮಾತಾಡೋದು ಕಮ್ಮಿ, ನನ್ನ ಪ್ರಕಾರ ಹೊಸ ಬ್ಯಾಕ್‌ಗಳು ಜಾಸ್ತಿ ಮುಗ್ಗರಿಸೋದು ಇಲ್ಲೇ. ಮತ್ತೆ ಮಾಂಟಿ ಬಾಲ್‌ಗೆ ಬರೋಣ. 2013ರಲ್ಲಿ ಡೆನ್ವರ್ ಬ್ರಾಂಕೋಸ್ ಅವನನ್ನ ಎರಡನೇ ರೌಂಡಲ್ಲಿ ತಗೊಂಡ್ರು. ಅಲ್ಲಿ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್, ಕುತ್ತಿಗೆ ಆಪರೇಷನ್ ಆಗಿ 2011ರ ಸೀಸನ್ ಪೂರ್ತಿ ಹೊರಗೆ ಕೂತು ಬಂದಿದ್ದ ಮನುಷ್ಯ, ಅವನನ್ನ ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳೋದೇ ಟೀಮಿನ ಮೊದಲ ಕೆಲಸ. ಆಗಸ್ಟಲ್ಲಿ ಸಿಯಾಟಲ್ ವಿರುದ್ಧ ಪ್ರಿಸೀಸನ್ ಮ್ಯಾಚು. ಬಾಬಿ ವ್ಯಾಗ್ನರ್, 110 ಕೆಜಿ ಲೈನ್‌ಬ್ಯಾಕರ್, ಬ್ಲಿಟ್ಜ್ ಮಾಡ್ಕೊಂಡು, ಅಂದ್ರೆ ತನ್ನ ಜಾಗ ಬಿಟ್ಟು ನೇರ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿದ. ಅವನನ್ನ ತಡೀಬೇಕಾಗಿದ್ದೋನು ಮಾಂಟಿ. ತಡೀಲಿಲ್ಲ. ಮ್ಯಾನಿಂಗ್ ನೆಲಕ್ಕೆ. ಲೆಕ್ಕಕ್ಕಿಲ್ಲದ ಪ್ರಾಕ್ಟೀಸ್ ಮ್ಯಾಚು, ಆದ್ರೂ ಆ ಸೀಸನ್ನಲ್ಲಿ ಮುಖ್ಯ ಬ್ಯಾಕ್ ಆಗಿ ಆಡಿದ್ದು ನೋಶಾನ್ ಮೊರೆನೋ, ಬ್ಲಿಟ್ಜ್ ಹಿಡಿಯೋದ್ರಲ್ಲಿ ಎತ್ತಿದ ಕೈ ಅಂತ ಹೆಸರಾಗಿದ್ದವನು. ಸಾವಿರ ಯಾರ್ಡೂ ದಾಟಿದ.

ಬ್ಲಿಟ್ಜ್ ಹಿಡಿಯೋದು ಅಂದ್ರೆ ಬರೀ ಧೈರ್ಯ ಅಲ್ಲ. ಚೆಂಡು ಸ್ನ್ಯಾಪ್ ಆಗೋಕೆ (ಲೈನಿನ ಮಧ್ಯದ ಸೆಂಟರ್ ಚೆಂಡನ್ನ ಹಿಂದಕ್ಕೆ ಕೊಟ್ಟು ಆಟ ಶುರು ಮಾಡೋಕೆ) ಮುಂಚೆ ಮಧ್ಯದ ಲೈನ್‌ಬ್ಯಾಕರ್ ಯಾರು ಅಂತ ಕ್ವಾರ್ಟರ್‌ಬ್ಯಾಕ್ ಅಥ್ವಾ ಸೆಂಟರ್ ಕೂಗಿ ಹೇಳ್ತಾರೆ, ಅದರ ಮೇಲೆ ಐದು ಲೈನ್‌ಮನ್‌ಗಳಿಗೆ ಐದು ಜನ ಹಂಚಿಕೆ ಆಗುತ್ತೆ, ಆರನೇವನು ಬಂದ್ರೆ ಬ್ಯಾಕ್‌ನ ಪಾಲು. ಆ ಆರನೇವನು ಎಲ್ಲಿಂದ ಬರ್ತಾನೆ ಅನ್ನೋದನ್ನ ಮುಚ್ಚಿಡೋಕೇ ಎನ್‌ಎಫ್‌ಎಲ್ ಡಿಫೆನ್ಸ್ ಕೋಚುಗಳಿಗೆ ಸಂಬಳ ಕೊಡೋದು. ಇಬ್ಬರು ಸೆಂಟರ್‌ನ ಎರಡೂ ಪಕ್ಕ ಮೂಗಿಗೆ ಮೂಗು ಹಚ್ಚಿ ನಿಂತು, ಸ್ನ್ಯಾಪ್ ಆದ ಕೂಡ್ಲೇ ಇಬ್ರೂ ಹಿಂದೆ ಹೋಗಿ, ಡಿಫೆನ್ಸಿನ ಕೊನೇ ಸಾಲಲ್ಲಿ ನಿಲ್ಲೋ ಸೇಫ್ಟಿ ಅಂಚಿಂದ ಓಡಿ ಬರಬಹುದು. ಬ್ಯಾಕ್ ಒಳಗಿಂದ ಹೊರಗೆ ಕಣ್ಣಾಡಿಸಿ, ಯಾರು ಬರ್ತಿದಾನೆ ಅಂತ ಗುರುತು ಹಿಡಿದು, ಅವನ ದಾರಿಗೆ ಅಡ್ಡ ಹೋಗಿ, ಯಾರೂ ಬರ್ಲಿಲ್ಲ ಅಂದ್ರೆ ತಾನೇ ಪಾಸ್ ಹಿಡಿಯೋಕೆ ಓಡ್ಬೇಕು. ಕಾಲೇಜಲ್ಲಿ ಎಷ್ಟೋ ಟೀಮುಗಳು ಸ್ಟಾರ್ ಬ್ಯಾಕ್‌ಗೆ ಈ ತಲೆನೋವು ಕೊಡೋದೇ ಇಲ್ಲ, ಸ್ನ್ಯಾಪ್ ಬೇಗ, ಪಾಸ್ ಬೇಗ, ಇವನು ಸುಮ್ಮನೆ ಹ್ಯಾಂಡ್‌ಆಫ್ ನಾಟಕ ಆಡಿದ್ರೆ ಸಾಕು. ಮೂರು ವರ್ಷ ಕಾಲೇಜ್ ಆಡಿ ಬಂದವನು ಈ ವಿಷಯದಲ್ಲಿ ಒಂದನೇ ಕ್ಲಾಸಿಂದ ಶುರು ಮಾಡ್ಬೇಕಾಗುತ್ತೆ.

ಇದು ಬರಲ್ಲ ಅಂದ್ರೆ ಏನಾಗುತ್ತೆ? ಥರ್ಡ್ ಡೌನಲ್ಲಿ (ಹತ್ತು ಯಾರ್ಡ್ ದಾಟೋಕೆ ಸಿಗೋ ನಾಲ್ಕು ಯತ್ನಗಳಲ್ಲಿ ಮೂರನೇದು, ಹೆಚ್ಚಾಗಿ ಪಾಸ್ ಆಡೋ ಹೊತ್ತು) ಅವನನ್ನ ಹೊರಗೆ ಕರೀತಾರೆ. ಹೊರಗೆ ಕರೆದ್ರೆ ಎದುರಾಳಿಗೆ ಗೊತ್ತಾಗುತ್ತೆ, ಇವನು ಒಳಗಿದ್ರೆ ಓಟ, ಇಲ್ಲದಿದ್ರೆ ಪಾಸ್. ಆಗ ಅವನು ಒಳಗಿದ್ದಾಗೆಲ್ಲ ಎಂಟು ಜನ ಮುಂದೆ ಬಂದು ತುಂಬ್ಕೋತಾರೆ, ಅವನ ಸರಾಸರಿ ಇನ್ನೂ ಬೀಳುತ್ತೆ, ಬಿತ್ತು ಅಂತ ಚೆಂಡು ಇನ್ನೂ ಕಡಿಮೆ ಕೊಡ್ತಾರೆ. ಕಾಲೇಜಲ್ಲಿ ಮ್ಯಾಚಿಗೆ 25 ಸಲ ಚೆಂಡು ಸಿಗ್ತಿದ್ದವನಿಗೆ, ನಾಲ್ಕನೇ ಕ್ವಾರ್ಟರಿಗೆ ಎದುರಾಳಿ ಸುಸ್ತಾದ್ಮೇಲೆ ದೊಡ್ಡ ಓಟ ಹೊಡೀತಿದ್ದವನಿಗೆ, ಇಲ್ಲಿ ಸಿಗೋದು ಎಂಟೋ ಹತ್ತೋ. ರಾನ್ ಡೇನ್‌ಗೆ ಆಗಿದ್ದೂ ಇದೇ. ವಿಸ್ಕಾನ್ಸಿನ್‌ನವನೇ, ಕಾಲೇಜಿನ ಅತ್ಯುತ್ತಮ ಆಟಗಾರನಿಗೆ ಕೊಡೋ ಹೈಸ್ಮನ್ ಟ್ರೋಫಿನ 1999ರಲ್ಲಿ ಗೆದ್ದವನು, 110 ಕೆಜಿ ಮೀರಿದ ಮೈ, ಕಾಲೇಜಲ್ಲಿ ಸಾವಿರಕ್ಕೂ ಹೆಚ್ಚು ಸಲ ಚೆಂಡು ಹಿಡ್ಕೊಂಡು ನುಗ್ಗಿ ನುಗ್ಗಿ ಎದುರಾಳಿಗಳನ್ನ ಅರೆದು ಹಾಕಿದ್ದ. 2000ದಲ್ಲಿ ನ್ಯೂಯಾರ್ಕ್ ಜೈಂಟ್ಸ್ 11ನೇ ಪಿಕ್ ಆಗಿ ತಗೊಂಡ್ರು. ಎನ್‌ಎಫ್‌ಎಲ್‌ನಲ್ಲಿ ಡಿಫೆನ್ಸ್ ಲೈನ್‌ನವರು ಏಳೆಂಟು ಜನ ಬದಲಾಯಿಸ್ಕೊಂಡು ಆಡ್ತಾರೆ, ಸುಸ್ತಾಗೋ ಮಾತೇ ಇಲ್ಲ, ಜೊತೆಗೆ ಜೈಂಟ್ಸ್‌ನಲ್ಲಿ ಪಾಸ್ ಹಿಡಿಯೋ ಟಿಕಿ ಬಾರ್ಬರ್ ಬೇರೆ ಇದ್ದ. ಡೇನ್ ಒಂದು ಸೀಸನ್ನಲ್ಲೂ 1,000 ಯಾರ್ಡ್ ಮುಟ್ಲಿಲ್ಲ.

ಕಾಯೋ ತಾಳ್ಮೆ ಯಾವ ಟೀಮಿಗೂ ಇಲ್ಲ, ಇದು ಇನ್ನೊಂದು ಕಷ್ಟ. ಕ್ವಾರ್ಟರ್‌ಬ್ಯಾಕ್ ಆದ್ರೆ ಮೂರು ವರ್ಷ ಕಾದು ನೋಡ್ತಾರೆ. ರನ್ನಿಂಗ್ ಬ್ಯಾಕ್‌ಗಳು ಪ್ರತಿ ವರ್ಷ ಹಿಂಡು ಹಿಂಡಾಗಿ ಬರ್ತಾರೆ, ಅಗ್ಗಕ್ಕೂ ಸಿಗ್ತಾರೆ, ಕಾಯೋದ್ಯಾಕೆ? 2013, 2014 ಎರಡೂ ವರ್ಷ ಫಸ್ಟ್ ರೌಂಡಲ್ಲಿ ಒಬ್ಬ ಬ್ಯಾಕ್‌ನೂ ಯಾರೂ ತಗೊಳ್ಲಿಲ್ಲ ಅಂದ್ರೆ ಲೆಕ್ಕ ಹಾಕಿ. ಮಾಂಟಿ ಇದ್ದ ಡೆನ್ವರ್‌ಗೇ ಅದೇ ವರ್ಷ ಸಿ.ಜೆ. ಆಂಡರ್ಸನ್ ಅನ್ನೋವನು ಬಂದ, ಏಳು ರೌಂಡಲ್ಲೂ ಯಾರೂ ಕರೀದೇ ಇದ್ದ ಹುಡುಗ. 2014ರಲ್ಲಿ ಮಾಂಟಿಗೆ ಗಾಯ ಆಯ್ತು, ಆಂಡರ್ಸನ್ 849 ಯಾರ್ಡ್ ಓಡಿದ. 2015ರಲ್ಲಿ ಸೀಸನ್‌ಗೆ ಮುಂಚೆ ಮಾಂಟಿನ ಕೈಬಿಟ್ರು, ಅದೇ ಸೀಸನ್ನಿನ ಫೈನಲ್ ಸೂಪರ್ ಬೌಲಲ್ಲಿ 90 ಯಾರ್ಡ್ ಓಡಿ ಟಚ್‌ಡೌನ್ ಹೊಡೆದು ಕಪ್ ಎತ್ತಿದ್ದು ಆಂಡರ್ಸನ್. ಆ ದಿನಗಳಲ್ಲಿ ಕುಡಿತದ ಸಮಸ್ಯೆ ಇತ್ತು ಅಂತ ಮಾಂಟಿ ಆಮೇಲೆ ತಾನೇ ಮುಚ್ಚುಮರೆ ಇಲ್ಲದೆ ಹೇಳ್ಕೊಂಡಿದ್ದಾನೆ, ಹಾಗಾಗಿ ಎಲ್ಲಾನೂ ಆಟದ ಲೆಕ್ಕಕ್ಕೇ ಹಾಕೋದೂ ತಪ್ಪು.

ನಮ್ಮ ರಣಜಿಯಲ್ಲಿ ರನ್ ಮಳೆ ಸುರಿಸಿ ಟೆಸ್ಟಲ್ಲಿ ನೆಲೆ ನಿಲ್ಲದೇ ಹೋದವರ ಜೊತೆ ಇವರನ್ನ ಹೋಲಿಸಬಹುದು, ಒಂದು ವ್ಯತ್ಯಾಸ ಬಿಟ್ಟು. ಟೆಸ್ಟ್ ಟೀಮಿಂದ ಹೊರಗೆ ಬಿದ್ದವನು ವಾಪಸ್ ರಣಜಿಗೆ ಹೋಗಿ, ತಪ್ಪು ತಿದ್ದಿಕೊಂಡು, ಮತ್ತೆ ಬಾಗಿಲು ತಟ್ಟಬಹುದು. ಎನ್‌ಎಫ್‌ಎಲ್‌ನಿಂದ ಬಿದ್ದವನಿಗೆ ವಾಪಸ್ ಹೋಗೋಕೆ ಕಾಲೇಜ್ ಇಲ್ಲ. ಕಲಿಯೋದೂ ಅಲ್ಲೇ, ತಪ್ಪು ಮಾಡೋದೂ ಅಲ್ಲೇ, ಅದೂ ಮೈಯಲ್ಲಿ ಶಕ್ತಿ ಇರೋ ನಾಲ್ಕೈದು ವರ್ಷದ ಒಳಗೆ.

ಮೈ ಅಂದೆ, ಗಾಯದ ವಿಷ್ಯ ಬೇಗ ಮುಗಿಸ್ತೀನಿ, ಯಾಕಂದ್ರೆ ಅದರಲ್ಲಿ ಕಲಿಯೋದು ಜಾಸ್ತಿ ಇಲ್ಲ, ಬರೀ ಬೇಜಾರು. ಪೆನ್ ಸ್ಟೇಟ್‌ನ ಕಿ-ಜಾನಾ ಕಾರ್ಟರ್ 1995ರ ಡ್ರಾಫ್ಟಿನ ಮೊಟ್ಟಮೊದಲ ಪಿಕ್, ಸಿನ್ಸಿನಾಟಿಗೆ, ಮೊದಲ ಪ್ರಿಸೀಸನ್ ಮ್ಯಾಚಿನ ಮೂರನೇ ಓಟದಲ್ಲಿ ಮಂಡಿ ಹೋಯ್ತು. ಸೌತ್ ಕೆರೊಲಿನಾದ ಮಾರ್ಕಸ್ ಲ್ಯಾಟಿಮೋರ್‌ಗೆ ಕಾಲೇಜಲ್ಲೇ ಎರಡು ಸಲ ಮಂಡಿ ಹೋಗಿ, ಡ್ರಾಫ್ಟ್ ಆದ್ರೂ ಎನ್‌ಎಫ್‌ಎಲ್‌ನಲ್ಲಿ ಒಂದು ಮ್ಯಾಚೂ ಆಡೋಕಾಗ್ಲಿಲ್ಲ. ಇವರನ್ನ "ಫೇಲ್ ಆದ್ರು" ಅನ್ನೋ ಪಟ್ಟಿಗೆ ಸೇರಿಸೋರನ್ನ ಕಂಡ್ರೆ ನನಗೆ ಸಿಟ್ಟು ಬರುತ್ತೆ.

ಹಾಗಂತ ಲೈನ್ ಮಾತು ಸುಳ್ಳಲ್ಲ, ನಿಮ್ಮ ಮಗನಿಗೆ ಒಂದು ಬಲವಾದ ಸಾಕ್ಷಿ ನಾನೇ ಕೊಡ್ತೀನಿ. ಸೇಕ್ವಾನ್ ಬಾರ್ಕ್ಲಿ. 2023ರಲ್ಲಿ ಜೈಂಟ್ಸ್‌ನಲ್ಲಿ 962 ಯಾರ್ಡ್, ಸರಾಸರಿ 3.9, ಇವನ ಕಥೆ ಮುಗೀತು ಅಂತ ಎಷ್ಟೋ ಜನ ಅಂದ್ರು. 2024ರಲ್ಲಿ ಫಿಲಡೆಲ್ಫಿಯಾ ಈಗಲ್ಸ್‌ಗೆ ಹೋದ, ಆ ದೈತ್ಯ ಲೈನಿನ ಹಿಂದೆ 2,005 ಯಾರ್ಡ್, ಸರಾಸರಿ 5.8, ಜೊತೆಗೆ ಸೂಪರ್ ಬೌಲು. ಒಂದೇ ವರ್ಷದಲ್ಲಿ ಮನುಷ್ಯ ಬದಲಾಗಲ್ಲ. ಆದ್ರೆ ಬಾರ್ಕ್ಲಿಗೆ ಕಣ್ಣೂ ಇತ್ತು, ಪಾಸ್ ಹಿಡಿಯೋಕೂ ಬರ್ತಿತ್ತು, ಅದಕ್ಕೇ ಜೈಂಟ್ಸ್‌ನ ಕೆಟ್ಟ ವರ್ಷಗಳಲ್ಲೂ ಅವನು ಮೈದಾನದ ಒಳಗೇ ಇದ್ದ, ಹೊಸ ಟೀಮು ಅವನಿಗೆ ದುಡ್ಡು ಸುರಿಯೋಕೆ ಮುಂದೆ ಬಂತು. ರಿಚರ್ಡ್‌ಸನ್‌ಗೆ ಆ ಅವಕಾಶ ಸಿಕ್ಕಿತ್ತು, ಅದೂ ಫಸ್ಟ್ ರೌಂಡ್ ಪಿಕ್ ಕೊಟ್ಟು.

ಉಲ್ಟಾ ಉದಾಹರಣೆಗಳನ್ನೂ ನೋಡಿ. ಆಲ್ವಿನ್ ಕಮಾರಾ 2016ರಲ್ಲಿ ಟೆನ್ನೆಸ್ಸಿಯಲ್ಲಿ ಓಡಿದ್ದು ಬರೀ 596 ಯಾರ್ಡ್, ಆದ್ರೆ ಹಿಡಿದ ಪಾಸ್ 40. ಮೂರನೇ ರೌಂಡಲ್ಲಿ ನ್ಯೂ ಆರ್ಲಿಯನ್ಸ್‌ಗೆ ಹೋಗಿ ಮೊದಲ ವರ್ಷವೇ ಆಫೆನ್ಸಿವ್ ರೂಕಿ ಆಫ್ ದಿ ಇಯರ್. ಏರಿಯನ್ ಫಾಸ್ಟರ್‌ನ 2009ರಲ್ಲಿ ಯಾರೂ ಡ್ರಾಫ್ಟ್ ಮಾಡ್ಲಿಲ್ಲ, ಮರುವರ್ಷ ಹ್ಯೂಸ್ಟನ್‌ನಲ್ಲಿ 1,616 ಯಾರ್ಡ್ ಓಡಿ ಲೀಗಿಗೇ ಮೊದಲು ಬಂದ. ಅವನು ಓಡ್ತಿದ್ದದ್ದು ನಾನು ಮೇಲೆ ಹೇಳಿದ ಅದೇ ಔಟ್‌ಸೈಡ್ ಝೋನ್, ನೋಡಿದವರಿಗೆ ನಿಧಾನ ಅನ್ಸೋದು, ಆದ್ರೆ ಆ ಒಂದು ಕಟ್ ಇದೆಯಲ್ಲ, ತಪ್ಪೋದೇ ಅಪರೂಪ. ಇನ್ನೂ ಹಳೇದು ಬೇಕಂದ್ರೆ 1990ರ ಡ್ರಾಫ್ಟು: ಜೆಟ್ಸ್‌ನವರು ಎರಡನೇ ಪಿಕ್ಕಲ್ಲಿ ಬ್ಲೇರ್ ಥಾಮಸ್‌ನ ತಗೊಂಡ್ರು, ಸ್ಪೀಡಿಲ್ಲ ಅಂತ ಜನ ಮೂಗು ಮುರಿದ ಎಮಿಟ್ ಸ್ಮಿತ್ 17ನೇ ಪಿಕ್ಕಲ್ಲಿ ಡಲ್ಲಾಸ್‌ಗೆ ಹೋದ. ಸ್ಮಿತ್‌ನ 18,355 ಯಾರ್ಡ್ ಇವತ್ತಿಗೂ ಎನ್‌ಎಫ್‌ಎಲ್ ದಾಖಲೆ.

ಕೆಲವರಿಗೆ ಟೈಮ್ ಬೇಕಾಗುತ್ತೆ ಅಷ್ಟೇ, ಟೈಮ್ ಸಿಕ್ಕೋರು ಪುಣ್ಯವಂತರು. ಡೆರಿಕ್ ಹೆನ್ರಿ 2015ರಲ್ಲಿ ಅಲಬಾಮಾಗೆ 2,219 ಯಾರ್ಡ್ ಓಡಿ ಹೈಸ್ಮನ್ ಗೆದ್ದು ಬಂದ್ರೂ ಟೆನ್ನೆಸ್ಸಿ ಟೈಟನ್ಸ್‌ನಲ್ಲಿ ಎರಡು ವರ್ಷ ಡಿಮಾರ್ಕೊ ಮರ್ರಿಯ ಹಿಂದೆ ಕೂತಿದ್ದ. ಮೊದಲ ವರ್ಷ 490 ಯಾರ್ಡ್. ಐದನೇ ವರ್ಷ, ಅಂದ್ರೆ 2020ರಲ್ಲಿ, 2,027.

ಕಾಲೇಜಲ್ಲೇ ಗೊತ್ತು ಹಿಡಿಯೋಕಾಗುತ್ತಾ ಅಂತ ಕೇಳಿದ್ರಿ. ಖಚಿತವಾಗಿ ಯಾರಿಗೂ ಆಗಲ್ಲ, ಆದ್ರೆ ಎನ್‌ಎಫ್‌ಎಲ್ ಸ್ಕೌಟ್‌ಗಳು ಇಷ್ಟು ವರ್ಷ ಸಂಬಳ ತಗೊಂಡೂ ತಪ್ತಾರೆ ಅನ್ನೋದು ನಮಗೂ ಒಂದು ಸಮಾಧಾನ. ನಾನಾದ್ರೆ 70 ಯಾರ್ಡ್ ಟಚ್‌ಡೌನ್ ಓಟಗಳ ಹೈಲೈಟ್ಸ್ ಬಿಟ್ಟುಬಿಡ್ತೀನಿ. ನೋಡೋದು ಅವನು ನಾಲ್ಕು ಯಾರ್ಡ್ ತಂದ ಓಟಗಳನ್ನ. ಎರಡು ಯಾರ್ಡೇ ಇದ್ದ ಜಾಗದಲ್ಲಿ ನಾಲ್ಕು ತಂದನಾ, ಅಥ್ವಾ ಹತ್ತು ಇದ್ದ ಕಡೆ ನಾಲ್ಕಕ್ಕೇ ಬಿದ್ದನಾ? ಆ ವರ್ಷದ ಎದುರಾಳಿಗಳಲ್ಲಿ ಅತಿ ಗಟ್ಟಿ ಡಿಫೆನ್ಸ್ ಇದ್ದ ಎರಡು ಮ್ಯಾಚ್ ಆರಿಸ್ಕೊಂಡು ಅವನ್ನ ಮಾತ್ರ ನೋಡ್ತೀನಿ. ಅದೇ ಟೀಮಿನ ಎರಡನೇ ಬ್ಯಾಕ್ ಅದೇ ಲೈನಿನ ಹಿಂದೆ ಎಷ್ಟು ಸರಾಸರಿ ತಂದ ಅಂತಲೂ ನೋಡ್ತೀನಿ, ಅವನೂ ಏಳು ಯಾರ್ಡ್ ತರ್ತಿದ್ರೆ ಹೊಗಳಿಕೆ ಲೈನಿಗೆ ಹೋಗ್ಬೇಕು. ಪಾಸ್ ಎಷ್ಟು ಹಿಡಿದ, ಕೈಯಿಂದ ಹಿಡೀತಾನಾ ಎದೆಗೆ ಅವುಚಿಕೊಳ್ತಾನಾ, ಅದೂ ಮುಖ್ಯ. ಥರ್ಡ್ ಡೌನಿಗೆ ಕೋಚ್ ಅವನನ್ನ ಒಳಗಿಡ್ತಾರಾ ಹೊರಗೆ ಕರೀತಾರಾ ಅನ್ನೋದನ್ನಂತೂ ತಪ್ಪದೇ ನೋಡಿ, ಯಾಕಂದ್ರೆ ದಿನಾ ಪ್ರಾಕ್ಟೀಸಲ್ಲಿ ಅವನನ್ನ ಕಣ್ಣಾರೆ ನೋಡೋರ ತೀರ್ಪು ಅದು.

ನಿಮ್ಮ ಮಗನೇ ಬ್ಯಾಕ್ ಆಡ್ತಾನೆ ಅಂದ್ರಲ್ಲ, ಮುಂದಿನ ಮ್ಯಾಚಿಗೆ ಹೋದಾಗ ಚೆಂಡು ಅವನ ಕೈಲಿಲ್ಲದಾಗಲೇ ಫೋನಲ್ಲಿ ವಿಡಿಯೋ ಮಾಡಿ. ಬ್ಲಿಟ್ಜ್ ಬಂದಾಗ ತಲೆ ಮೇಲೆತ್ತಿ ನೋಡ್ತಿದಾನಾ, ಕಣ್ಣು ಮುಚ್ಚಿ ಕಾಲಿಗೆ ಬೀಳ್ತಿದಾನಾ ಅಂತ ಮನೆಗೆ ಬಂದು ಇಬ್ರೂ ಕೂತು ನೋಡಿ. ಮೊದಮೊದಲು ಅವನಿಗೆ ಮುಜುಗರ ಆಗುತ್ತೆ, ಮಾಡಿ ಪರವಾಗಿಲ್ಲ.